ಬಾಣಂತನಕ್ಕೆ ಎತ್ತಿಟ್ಟ ತುಪ್ಪ

2024ರ ಮಾರ್ಚ್ ತಿಂಗಳ ಒಂದು ಬೆಳಗ್ಗೆ, ರಾಜರಾಜೇಶ್ವರಿ ನಗರದ ನಮ್ಮ ಬೀದಿಯ ತುದಿಯಲ್ಲಿ ನೀರಿನ ಟ್ಯಾಂಕರಿಗಾಗಿ ಕಾಯುತ್ತ ನಿಂತಿದ್ದಾಗ ಕೇಳಿದ ಒಂದು ಮಾತು ಇಂದಿಗೂ ನನ್ನನ್ನು ಬಿಟ್ಟಿಲ್ಲ. ಹಿಂದಿನ ರಾತ್ರಿಯೇ ಬರಬೇಕಿದ್ದ ಟ್ಯಾಂಕರ್ ಬಂದಿರಲಿಲ್ಲ, ಚಾಲಕ ಫೋನ್ ಎತ್ತುತ್ತಿರಲಿಲ್ಲ. ನಮ್ಮ ಕಟ್ಟಡದ ಕೊಳವೆಬಾವಿ ಶಿವರಾತ್ರಿಗೆ ಮೊದಲೇ ಎರಡು ದಿನ ಕೆಸರು ಕಾರಿ ನಿಂತುಹೋಗಿತ್ತು. ಬಿಂದಿಗೆ, ಬಕೆಟ್ಟು, ಇಪ್ಪತ್ತು ಲೀಟರಿನ ಕ್ಯಾನುಗಳ ಸಾಲಿನ ಪಕ್ಕದಲ್ಲಿ ಏಳೆಂಟು ಮಂದಿ ನಿಂತಿದ್ದೆವು. ಮಾತು ಮೊದಲು ಟ್ಯಾಂಕರಿನ ಬೆಲೆಗೆ, ಆಮೇಲೆ ಜಲಮಂಡಳಿಗೆ, ಆಮೇಲೆ ಸರ್ಕಾರಕ್ಕೆ ಹೋಗಿ ದನಿಗಳು ಏರತೊಡಗಿದ್ದವು. ಆಗ ನಮ್ಮ ಕೆಳಗಿನ ಮನೆಯ ಮೇಷ್ಟ್ರು, ನಲವತ್ತು ವರ್ಷ ಮಕ್ಕಳಿಗೆ ಲೆಕ್ಕ ಕಲಿಸಿ ನಿವೃತ್ತರಾದವರು, ಬಹಳ ಸಮಾಧಾನದಿಂದ ಹೇಳಿದರು: "ಇದೆಲ್ಲ ಹೊಸದೇನಲ್ಲ ಕಣಮ್ಮಾ. ಕಾಲಜ್ಞಾನದಲ್ಲಿ ಎಂದೋ ಬರೆದಿಟ್ಟಿದ್ದಾರೆ. ನೀರಿಗೆ ಕಾಸು ಕೊಡೋ ಕಾಲ ಬರುತ್ತೆ, ಆಮೇಲೆ ಕಾಸು ಕೊಟ್ರೂ ನೀರು ಸಿಗದ ಕಾಲ ಬರುತ್ತೆ, ಅಲ್ಲಿಗೆ ಮುಗೀತು ಅಂತ."

ಆ ಮಾತಿಗೆ ಯಾರೂ ಹೆದರಲಿಲ್ಲ ಎಂಬುದು ನನಗೆ ಹೊಳೆದದ್ದು ಮನೆಗೆ ಬಂದ ಮೇಲೆ. ಹೆದರುವುದಿರಲಿ, ಅದುವರೆಗೆ ಗಂಟಿಕ್ಕಿದ್ದ ಹುಬ್ಬುಗಳು ಸಡಿಲಗೊಂಡಿದ್ದವು. ಟ್ಯಾಂಕರಿನವನನ್ನು ಬಯ್ಯುತ್ತಿದ್ದ ಹುಡುಗ, "ಹೌದು ಸಾರ್, ನಮ್ಮ ತಾತನೂ ಹೇಳೋರು" ಎಂದು ತಣ್ಣಗಾದ. ನನ್ನೊಳಗೂ ಏನೋ ಹಗುರಾಯಿತು. ಈ ಹಗುರವೇ ನನ್ನನ್ನು ಕಾಡಿದ್ದು. ಲೋಕ ಮುಗಿಯುತ್ತದೆ ಎಂಬ ಮಾತು ಕೇಳಿ ಮನುಷ್ಯನಿಗೆ ಭಯವಾಗಬೇಕಲ್ಲವೇ? ನನಗೇಕೆ ನೆಮ್ಮದಿಯಾಯಿತು?

ಉತ್ತರ ಹುಡುಕುತ್ತ ಹೋದಾಗ ಸಿಕ್ಕಿದ್ದು ನಾಚಿಕೆಯ ಸಂಗತಿ. 2022ರ ಸೆಪ್ಟೆಂಬರಿನಲ್ಲಿ ನಗರದ ಪೂರ್ವದ ಬಡಾವಣೆಗಳು ಮುಳುಗಿ, ಜನರನ್ನು ಟ್ರ್ಯಾಕ್ಟರಿನಲ್ಲಿ ಕೂರಿಸಿ ಹೊರತಂದ ವಾರದಲ್ಲಿ, ನಮ್ಮ ಕಟ್ಟಡದ ನಿವಾಸಿಗಳ ಸಭೆಯಲ್ಲಿ ಮಳೆನೀರು ಇಂಗಿಸುವ ಬಾವಿಯ ಮಾತು ಬಂದಿತ್ತು. ಮಳೆನೀರು ಸಂಗ್ರಹ ಕಡ್ಡಾಯವೆಂದು ಬೆಂಗಳೂರಿನಲ್ಲಿ ಕಾನೂನು ಬಂದದ್ದು 2009ರಲ್ಲಿ. ನಮ್ಮ ಚಾವಣಿಯ ನೀರು ಮಾತ್ರ ಅಷ್ಟೂ ವರ್ಷ ನೇರವಾಗಿ ರಸ್ತೆಯ ಮೋರಿಗೆ ಬೀಳುತ್ತಿತ್ತು. ಮನೆಗೆ ಎಂಟು ಸಾವಿರ ರೂಪಾಯಿ ಹಾಕೋಣ ಎಂದರು. "ಮುಂದಿನ ವರ್ಷ ನೋಡೋಣ" ಎಂದು ಮೊದಲು ಹೇಳಿದವಳು ನಾನು. ಆ ವರ್ಷ ಮಗಳ ಫೀಸು ಇತ್ತು, ಕಾರಣ ಸುಳ್ಳಾಗಿರಲಿಲ್ಲ. ಆದರೆ ಮಾರ್ಚಿನ ಆ ಬೆಳಗ್ಗೆ ಖಾಲಿ ಬಿಂದಿಗೆ ಹಿಡಿದು ನಿಂತಾಗ ಆ "ನೋಡೋಣ" ಎದೆಯಲ್ಲಿ ಮುಳ್ಳಿನಂತೆ ಆಡುತ್ತಿತ್ತು. ಮೇಷ್ಟ್ರ ಮಾತು ಅದನ್ನು ಮೆಲ್ಲಗೆ ತೆಗೆದುಬಿಟ್ಟಿತು. ಬರೆದಿಟ್ಟದ್ದೇ ಆಗುವುದಾದರೆ ನಾನು ಎಂಟು ಸಾವಿರ ಕೊಟ್ಟಿದ್ದರೇನು, ಬಿಟ್ಟಿದ್ದರೇನು?

ಆ ಬೇಸಿಗೆಯಲ್ಲಿ ಸರ್ಕಾರದ ಲೆಕ್ಕದಂತೆಯೇ ನಗರದ ಸುಮಾರು 13,900 ಸಾರ್ವಜನಿಕ ಕೊಳವೆಬಾವಿಗಳ ಪೈಕಿ 6,900 ಬತ್ತಿದ್ದವು. ಕುಡಿಯುವ ನೀರಿನಲ್ಲಿ ವಾಹನ ತೊಳೆದರೆ 5,000 ರೂಪಾಯಿ ದಂಡವೆಂದು ಜಲಮಂಡಳಿ ಆದೇಶ ಹೊರಡಿಸಿತ್ತು. ಹಾಗೆಂದು ಊರೆಲ್ಲ ಒಂದೇ ರೀತಿ ಬಾಯಾರಲಿಲ್ಲ. ಕಾವೇರಿಯ ಕೊಳವೆ ಮೊದಲೇ ತಲುಪಿದ್ದ ಹಳೆಯ ಬಡಾವಣೆಗಳಲ್ಲಿ ನಲ್ಲಿ ಬರುತ್ತಿತ್ತು; ಕೊಳವೆಬಾವಿಯನ್ನೇ ನೆಚ್ಚಿದ್ದ ಹೊರವಲಯ ಒಣಗಿತು. ಪ್ರಳಯದ ಕಥೆಗಳಲ್ಲಿ ಎಲ್ಲರೂ ಒಟ್ಟಿಗೆ ಮುಳುಗುತ್ತಾರೆ. ನಾನು ಕಂಡ ಯಾವ ಸಂಕಟದಲ್ಲೂ ಎಲ್ಲರೂ ಒಟ್ಟಿಗೆ ಮುಳುಗಿದ್ದಿಲ್ಲ.

ಅಷ್ಟಗ್ರಹ ಕೂಟದ ರಾತ್ರಿ

ನನ್ನ ಅಜ್ಜಿ, ತಾಯಿಯ ತಾಯಿ, ಬೆಣ್ಣೆ ಕಾಯಿಸಲು ಕೂತಾಗಲೆಲ್ಲ ಒಂದು ಕಥೆ ಹೇಳುತ್ತಿದ್ದರು. ಬಾಣಲೆಯಲ್ಲಿ ಬೆಣ್ಣೆ ಚಟಪಟಗುಟ್ಟಿ, ನೊರೆ ಇಳಿದು, ತಳದಲ್ಲಿ ಗಸಿ ಕೆಂಪಗಾಗುವ ಹೊತ್ತಿಗೆ ಕಥೆಯೂ ಮುಗಿಯುತ್ತಿತ್ತು. ಕೊನೆಗೆ ಒಂದು ವೀಳ್ಯದೆಲೆ ಹಾಕಿ ಒಲೆ ಆರಿಸಿ ಸುಮ್ಮನಾಗುತ್ತಿದ್ದರು. ಬೇರೆ ಕಥೆಗಳನ್ನು ಅವರು ನಗುನಗುತ್ತ ಹೇಳುತ್ತಿದ್ದುದುಂಟು, ಇದನ್ನು ಮಾತ್ರ ಒಮ್ಮೆಯೂ ನಕ್ಕು ಹೇಳಲಿಲ್ಲ.

1962ರ ಫೆಬ್ರವರಿ. ಸೂರ್ಯ, ಚಂದ್ರ, ಕುಜ, ಬುಧ, ಗುರು, ಶುಕ್ರ, ಶನಿ, ಕೇತು ಎಂಟೂ ಮಕರ ರಾಶಿಯಲ್ಲಿ ಸೇರುವ ಅಷ್ಟಗ್ರಹ ಕೂಟ. ಫೆಬ್ರವರಿ 3ರಿಂದ 5ರವರೆಗೆ ಲೋಕಕ್ಕೆ ಗಂಡಾಂತರವೆಂದು ದೇಶವೆಲ್ಲ ಹೆದರಿತ್ತು. ಊರೂರಿನಲ್ಲಿ ಹೋಮ, ಜಪ, ಅಖಂಡ ಭಜನೆ. ಅಜ್ಜಿಯ ಸಂಸಾರ ಆಗ ಚಾಮರಾಜಪೇಟೆಯ ಒಂದು ವಠಾರದಲ್ಲಿತ್ತು, ಎಂಟು ಮನೆಗೆ ಒಂದು ನಲ್ಲಿ, ಒಂದು ಅಂಗಳ. ನನ್ನ ತಾಯಿ ಚೊಚ್ಚಲ ಬಸುರಿ. ಸೀಮಂತ ಮುಗಿಸಿಕೊಂಡು ತವರಿಗೆ ಬಂದಿದ್ದಳು, ಎಂಟು ತಿಂಗಳು ತುಂಬಿತ್ತು. ಅವಳ ಬಾಣಂತನಕ್ಕೆಂದು ಅಜ್ಜಿ ದಸರೆಯಿಂದಲೇ ತುಪ್ಪ ಕೂಡಿಡುತ್ತಿದ್ದರು. ತಾತ ಗುಮಾಸ್ತರು, ಮನೆತುಂಬ ಮಕ್ಕಳು. ಹಾಲಿನಿಂದ ಕೆನೆ, ಕೆನೆಯಿಂದ ಚಿಟಿಕೆಯಷ್ಟು ಬೆಣ್ಣೆ, ಹೀಗೆ ನಾಲ್ಕು ತಿಂಗಳಲ್ಲಿ ಒಂದು ಪಿಂಗಾಣಿ ಭರಣಿ ಕುತ್ತಿಗೆಯವರೆಗೆ ಬಂದಿತ್ತು. ಅದಕ್ಕೆ ಬಿಳಿಯ ಬಟ್ಟೆ ಕಟ್ಟಿ ಅಟ್ಟದ ಮೇಲೆ ಇಟ್ಟಿದ್ದರು. ಹಬ್ಬಕ್ಕೂ ಅದನ್ನು ಇಳಿಸಿರಲಿಲ್ಲ.

ಭಾನುವಾರ, ಅಮಾವಾಸ್ಯೆಯ ರಾತ್ರಿ, ವಠಾರದ ಎಂಟು ಮನೆಯವರೂ ಅಂಗಳದಲ್ಲಿ ಒಟ್ಟಿಗೆ ಮಲಗುವುದೆಂದು ತೀರ್ಮಾನವಾಯಿತು. ಭೂಮಿ ನಡುಗಿದರೆ ಮಾಡು ತಲೆಯ ಮೇಲೆ ಬೀಳದಿರಲೆಂದು. ಇದ್ದುದನ್ನೆಲ್ಲ ಹಾಕಿ ಅಡುಗೆ ಮಾಡಿದರು. ಒಬ್ಬರು ಕಡುಬು, ಒಬ್ಬರು ಹೆಸರುಬೇಳೆ ಪಾಯಸ, ಅಜ್ಜಿ ಹೋಳಿಗೆ. ಆಗ ಅಜ್ಜಿ ಅಟ್ಟದಿಂದ ಭರಣಿ ಇಳಿಸಿದರು. ನಾಳೆಯೇ ಇಲ್ಲದ ಮೇಲೆ ಯಾರ ಬಾಣಂತನ? ತುಪ್ಪ ಕರಗಿಸಿ ವಠಾರದ ಅಷ್ಟೂ ಮಕ್ಕಳನ್ನು ಸಾಲಾಗಿ ಕೂರಿಸಿ ಬಡಿಸಿದರು. ಹೋಳಿಗೆ ಮುಗಿದ ಮೇಲೂ ಮಕ್ಕಳು ಅಂಗೈ ಒಡ್ಡಿದವಂತೆ, ಅಂಗೈಗೂ ಸುರಿದರು. ವಿಷ್ಣು ಸಹಸ್ರನಾಮ ಹೇಳುತ್ತ ಹೇಳುತ್ತ ಎಲ್ಲರಿಗೂ ನಿದ್ದೆ ಹತ್ತಿತು. ಬೆಳಗ್ಗೆ ಎಬ್ಬಿಸಿದ್ದು ಹಾಲಿನವನ ಕೂಗು.

ಮಾರ್ಚ್ ಎರಡನೆಯ ವಾರ ನನ್ನಣ್ಣ ಹುಟ್ಟಿದ. ಬಾಣಂತಿಗೆ ಮೆಣಸಿನ ಸಾರಿಗೆ ಹಾಕಲು ಮನೆಯಲ್ಲಿ ತುಪ್ಪವಿರಲಿಲ್ಲ. ಅಜ್ಜಿ ಲೋಟ ಹಿಡಿದು ವಠಾರದ ಮನೆಮನೆಗೆ ಹೋದರು. ಎಲ್ಲರ ಮನೆಯ ಜಾಡಿಯೂ ಅದೇ ರಾತ್ರಿ ಬರಿದಾಗಿತ್ತು. ಕೊನೆಗೆ ತಾತ ಸಾಲ ಮಾಡಿ ಒಂದು ಸೇರು ತಂದರು. ನನ್ನ ತಾಯಿಗೆ ಇದೊಂದು ದೊಡ್ಡ ವಿಷಯವೇ ಆಗಿರಲಿಲ್ಲ. ಅಜ್ಜಿಗೆ ಮಾತ್ರ ಮೂವತ್ತು ವರ್ಷ ಕಳೆದರೂ ಅದು ಆರದ ಗಾಯ. "ಲೋಕ ಮುಳುಗಲಿಲ್ಲ, ನನ್ನ ಮಗಳ ಪಾಲು ಮುಳುಗಿತು" ಎನ್ನುತ್ತಿದ್ದರು. ಮಕ್ಕಳಿಗೆ ಬಡಿಸಿದ್ದಕ್ಕೆ ಅವರು ಎಂದೂ ಪಶ್ಚಾತ್ತಾಪ ಪಟ್ಟವರಲ್ಲ, ಅದನ್ನು ನೆನೆದರೆ ಅವರ ಮುಖ ಅರಳುತ್ತಿತ್ತು. ಇನ್ನೂ ಹುಟ್ಟದ ಒಂದು ಕೂಸಿನ ಹೆಸರಿನಲ್ಲಿ ಎತ್ತಿಟ್ಟದ್ದನ್ನು, ಆ ಕೂಸು ಹುಟ್ಟುವುದೇ ಇಲ್ಲವೆಂದು ತಾವು ಒಂದು ರಾತ್ರಿ ಒಪ್ಪಿಕೊಂಡುಬಿಟ್ಟೆವಲ್ಲ, ಅದು ಅವರಿಗೆ ಸಹಿಸದ ಮಾತಾಗಿತ್ತು.

ಅದೇ ವರ್ಷ ಅಕ್ಟೋಬರಿನಲ್ಲಿ ಚೀನಾದ ಯುದ್ಧ ಶುರುವಾದಾಗ, ನೋಡಿ, ಅಷ್ಟಗ್ರಹದ ಫಲ ಈಗ ತಟ್ಟಿತು ಎಂದು ವಠಾರದ ಹಿರಿಯರು ಹೇಳಿದರಂತೆ. ಭವಿಷ್ಯವಾಣಿಗೆ ಇರುವ ಅನುಕೂಲವೇ ಇದು, ದಿನ ತಪ್ಪಿದರೂ ಅದು ಸೋಲುವುದಿಲ್ಲ. ಅಮೆರಿಕದಲ್ಲಿ ವಿಲಿಯಂ ಮಿಲ್ಲರ್ ಎಂಬ ಬೋಧಕನ ಅನುಯಾಯಿಗಳು 1844ರ ಅಕ್ಟೋಬರ್ 22ರಂದು ಕ್ರಿಸ್ತನ ಪುನರಾಗಮನವಾಗುತ್ತದೆಂದು ಕಾದರು. ಕೆಲವು ರೈತರು ಹೊಲದಲ್ಲಿ ನಿಂತಿದ್ದ ಬೆಳೆಯನ್ನು ಕೊಯ್ಯದೆ ಬಿಟ್ಟರು. ಮರುದಿನ ಸೂರ್ಯ ಎಂದಿನಂತೆ ಹುಟ್ಟಿದ. ಮುಂದೆ ಅವರಲ್ಲಿ ಕೆಲವರು ಆ ದಿನಕ್ಕೆ ಬೇರೆ ಅರ್ಥ ಕಂಡುಕೊಂಡು ನಂಬಿಕೆಯನ್ನು ಉಳಿಸಿಕೊಂಡರು. ಇಲ್ಲಿ ನಮ್ಮೂರಿನಲ್ಲಿ, ಅಷ್ಟಗ್ರಹದ ಅದೇ 1962ರಲ್ಲಿ, ಮೂಢನಂಬಿಕೆಗಳನ್ನು ಪ್ರಶ್ನಿಸುತ್ತಿದ್ದ, ಬಸವನಗುಡಿಯ ನ್ಯಾಷನಲ್ ಕಾಲೇಜಿನ ಎಚ್. ನರಸಿಂಹಯ್ಯನವರು ಬೆಂಗಳೂರು ಸೈನ್ಸ್ ಫೋರಂ ಆರಂಭಿಸಿದರು. ಅವರ ಉಪನ್ಯಾಸಗಳ ಸಭಾಂಗಣ ಅಜ್ಜಿಯ ವಠಾರದಿಂದ ನಡೆದು ಹೋಗುವಷ್ಟು ಹತ್ತಿರ. ಅಜ್ಜಿ ಅಲ್ಲಿಗೆ ಎಂದೂ ಹೋದವರಲ್ಲ. ಆದರೆ ಪ್ರಶ್ನೆ ಕೇಳುವುದನ್ನು ಅವರು ಕಲಿತದ್ದು ಖಾಲಿ ಭರಣಿಯ ಎದುರು ಎಂದು ನನಗೆ ಅನ್ನಿಸುತ್ತದೆ. 1979ರಲ್ಲಿ ಅಮೆರಿಕದ ಬಾಹ್ಯಾಕಾಶ ನಿಲ್ದಾಣ ಸ್ಕೈಲ್ಯಾಬ್ ಬೀಳುತ್ತದೆಂದು ಊರು ಕಂಗಾಲಾದಾಗ ಅವರು ಅಟ್ಟದಿಂದ ಏನನ್ನೂ ಇಳಿಸಲಿಲ್ಲ.

ಕಲಿಯುಗೇ ಪ್ರಥಮಪಾದೇ

ಮೇಷ್ಟ್ರು ದಿನವೂ ಸಂಧ್ಯಾವಂದನೆ ಮಾಡುವವರು. ಸಂಕಲ್ಪದಲ್ಲಿ ಪ್ರತಿ ಬೆಳಗ್ಗೆ "ಕಲಿಯುಗೇ ಪ್ರಥಮಪಾದೇ" ಎನ್ನುತ್ತಾರೆ. ಕಲಿಯುಗದ ಮೊದಲನೆಯ ಕಾಲುಭಾಗದಲ್ಲಿ, ಇಂಥ ವರ್ಷದಲ್ಲಿ, ಇಂಥ ಮಾಸದಲ್ಲಿ, ಇಂಥ ತಿಥಿಯಲ್ಲಿ ನಾನು ಈ ಕರ್ಮವನ್ನು ಮಾಡುತ್ತೇನೆ ಎಂಬುದು ಅದರ ಅರ್ಥ. ಪುರಾಣಗಳ ಲೆಕ್ಕದಲ್ಲಿ ಕಲಿಯುಗದ ಅವಧಿ 4,32,000 ವರ್ಷ, ಅದು ಕ್ರಿ.ಪೂ. 3102ರಲ್ಲಿ ಆರಂಭವಾಯಿತೆಂಬುದು ಪಂಚಾಂಗದ ಎಣಿಕೆ. ಕಳೆದಿರುವುದು 5,120 ಚಿಲ್ಲರೆ ವರ್ಷ. ಕಲ್ಕಿ ಬರುವುದು ಯುಗದ ಕೊನೆಗೆ. ಶಾಸ್ತ್ರವನ್ನೇ ನಂಬುವುದಾದರೆ ನಮ್ಮ ಮುಂದೆ ಇನ್ನೂ ನಾಲ್ಕು ಲಕ್ಷ ಇಪ್ಪತ್ತಾರು ಸಾವಿರ ವರ್ಷಗಳಿಗಿಂತ ಹೆಚ್ಚು ಕಾಲವಿದೆ. ಇದನ್ನು ನಾನು ಮೇಷ್ಟ್ರ ಮುಂದೆ ವಾದಕ್ಕಾಗಿ ಹೇಳಲಿಲ್ಲ, ನಿಜಕ್ಕೂ ಅರ್ಥವಾಗದೆ ಕೇಳಿದೆ. ಲೆಕ್ಕದ ಮೇಷ್ಟ್ರಲ್ಲವೇ, ಅವರು ಬಹಳ ಹೊತ್ತು ಯೋಚಿಸಿ, "ಬೆಳಗ್ಗೆ ಹೇಳೋ ಮಾತು ಬಾಯಲ್ಲಿ ಉಳಿಯುತ್ತಮ್ಮಾ, ಸಂಜೆ ಮೊಬೈಲಲ್ಲಿ ನೋಡಿದ್ದು ಎದೆಗೆ ಇಳಿಯುತ್ತೆ" ಎಂದರು. ಇದಕ್ಕಿಂತ ಪ್ರಾಮಾಣಿಕವಾದ ಉತ್ತರವನ್ನು ನಾನು ಕೇಳಿಲ್ಲ.

ನಮ್ಮ ನಾಡಿನಲ್ಲಿ ಭವಿಷ್ಯ ನುಡಿಯುವ ಪರಂಪರೆಗೆ ಕೊರತೆಯಿಲ್ಲ. ಕೈವಾರದ ತಾತಯ್ಯನವರ ಕಾಲಜ್ಞಾನವಿದೆ, ಕೊಡೇಕಲ್ ಬಸವಣ್ಣನವರದ್ದಿದೆ, ಆಂಧ್ರದ ಕಡೆಯಿಂದ ಬಂದ ವೀರಬ್ರಹ್ಮೇಂದ್ರರ ಮಾತುಗಳಿವೆ. ಆದರೆ ನನ್ನ ತಂದೆಯ ಕಡೆಯವರು ಹಡಗಲಿ ಸೀಮೆಯವರಾದ್ದರಿಂದ ನನಗೆ ಹೆಚ್ಚು ಪರಿಚಯವಿರುವುದು ಮೈಲಾರದ ಕಾರಣಿಕ. ಭರತ ಹುಣ್ಣಿಮೆಯ ಜಾತ್ರೆಯಲ್ಲಿ ಗೊರವಯ್ಯ ಎತ್ತರದ ಬಿಲ್ಲನ್ನೇರಿ "ಸದ್ದಲೇ" ಎಂದು ಕೂಗುತ್ತಾನೆ; ಲಕ್ಷಾಂತರ ಜನ ಉಸಿರು ಬಿಗಿಹಿಡಿಯುತ್ತಾರೆ; ಅವನು ಒಂದೇ ಒಂದು ಸಾಲು ನುಡಿದು ಮೇಲಿನಿಂದ ಬೀಳುತ್ತಾನೆ. ಆ ಸಾಲನ್ನು ಹಿಡಿದು ರೈತರು ಆ ವರ್ಷದ ಮಳೆಯನ್ನೂ ಬೆಳೆಯನ್ನೂ ಅರ್ಥೈಸುತ್ತಾರೆ. ಯುಗಾದಿಯ ಪಂಚಾಂಗ ಶ್ರವಣವೂ ಹಾಗೆಯೇ, ಈ ವರ್ಷ ಮಳೆ ಎಷ್ಟು ಕೊಳಗ, ಯಾವ ಧಾನ್ಯಕ್ಕೆ ಬೆಲೆ. ಇವುಗಳನ್ನು ನಂಬಬೇಕೋ ಬೇಡವೋ ಎಂಬುದು ಬೇರೆ ಮಾತು. ಅವುಗಳ ಅಳತೆ ಒಂದು ವರ್ಷದ್ದು. ಕೇಳಿದವನು ಮನೆಗೆ ಹೋಗಿ ಬೀಜದ ಚೀಲ ಬಿಚ್ಚಬೇಕು, ಜೋಳವೋ ಶೇಂಗಾವೋ ಎಂದು ನಿರ್ಧರಿಸಬೇಕು. ಮೊಬೈಲಿನಲ್ಲಿ ಬರುವ ಲೋಕಾಂತ್ಯದ ಸಂದೇಶ ಕೇಳುವುದು ಎರಡನ್ನೇ: ತಲೆದೂಗು, ಇನ್ನೊಬ್ಬರಿಗೆ ಕಳಿಸು.

ಬೆಳ್ಳಂದೂರು ಕೆರೆಗೆ ಬೆಂಕಿ ಬಿದ್ದಾಗ ಇದನ್ನು ಕಣ್ಣಾರೆ ಕಂಡೆ. 2018ರ ಜನವರಿ 19ರಂದು ಹೊತ್ತಿದ ಬೆಂಕಿಯನ್ನು ಆರಿಸಲು ಸಾವಿರಾರು ಸೈನಿಕರು ಇಳಿಯಬೇಕಾಯಿತು. ಆ ವರ್ಷ ನಮ್ಮ ಕಚೇರಿ ಅದೇ ದಿಕ್ಕಿನಲ್ಲಿತ್ತು. ಐದನೆಯ ಮಹಡಿಯ ಕಿಟಕಿಯಿಂದ ಹೊಗೆ ಕಾಣುತ್ತಿತ್ತು. ಸಂಜೆಯೊಳಗೆ ಬಂಧುಗಳ ಗುಂಪಿನಲ್ಲಿ ಬಡಬಾಗ್ನಿಯ ಕಥೆ ಬಂತು, ಸಮುದ್ರದ ತಳದಲ್ಲಿ ಕುದುರೆಯ ಮುಖ ಹೊತ್ತು ಕಾದಿರುವ, ಪ್ರಳಯಕಾಲಕ್ಕೆ ಹೊರಬಂದು ಲೋಕವನ್ನು ಸುಡುವ ಬೆಂಕಿ. ಓದಿದಾಗ ಮೈ ಜುಮ್ಮೆಂದದ್ದು ಸುಳ್ಳಲ್ಲ; ನೀರೇ ಉರಿಯುವ ದೃಶ್ಯಕ್ಕೆ ನಮ್ಮ ಪೂರ್ವಿಕರು ಎಷ್ಟು ಹಿಂದೆಯೇ ಹೆಸರಿಟ್ಟಿದ್ದರಲ್ಲ ಎನಿಸಿತು. ಆದರೆ ಬೆಳ್ಳಂದೂರಿನ ಬೆಂಕಿ ಸಮುದ್ರದ ತಳದಿಂದ ಬಂದದ್ದಲ್ಲ. ನಮ್ಮ ಬಚ್ಚಲಿನಿಂದ, ಬಟ್ಟೆ ಒಗೆಯುವ ಯಂತ್ರದಿಂದ, ಶುದ್ಧೀಕರಿಸದೆ ಬಿಟ್ಟ ಕೊಳಚೆಯಿಂದ, ದಂಡೆಯಲ್ಲಿ ಸುರಿದ ಕಸದಿಂದ, ಒಣಗಿದ ಜೊಂಡಿನಿಂದ ಬಂದದ್ದು. ಆ ಸಂದೇಶವನ್ನು ಓದಿದ ಮೇಲೆ ಆ ಗುಂಪಿನಲ್ಲಿ ಯಾರೂ ಕೊಳಚೆಯ ಮಾತೆತ್ತಲಿಲ್ಲ. ನಾನೂ ಎತ್ತಲಿಲ್ಲ.

ಭಯಪಡುವುದೇ ತಪ್ಪು ಎಂದು ನಾನು ಹೇಳುತ್ತಿಲ್ಲ. 1898ರಲ್ಲಿ ಬೆಂಗಳೂರಿಗೆ ಪ್ಲೇಗ್ ಬಂದಾಗ ಜನ ಹೆದರಿದ ರೀತಿಯನ್ನು ಊರು ಇನ್ನೂ ಮರೆತಿಲ್ಲ. ಆ ಭಯ ಪ್ಲೇಗಮ್ಮನ ಗುಡಿಗಳನ್ನು ಕಟ್ಟಿಸಿತು. ಪೇಟೆಯ ಇಕ್ಕಟ್ಟಿನಿಂದ ಹೊರಗೆ ಗಾಳಿ ಬೆಳಕಿರುವ ಬಸವನಗುಡಿ, ಮಲ್ಲೇಶ್ವರಗಳನ್ನು ಬೆಳೆಸಿದ್ದೂ ಅದೇ ಭಯ. ಮಲ್ಲೇಶ್ವರದ ಹಳೆಯ ಮನೆಗಳ ಹಿಂದೆ ಇರುವ ಕಿರುಗಲ್ಲಿಗಳನ್ನು ನೋಡಿದವರಿಗೆ ಗೊತ್ತು, ಮಲ ಹೊರುವ ಗಾಡಿ ಮನೆಯ ಮುಂದೆ ಬಾರದಂತೆ, ರೋಗ ಹರಡದಂತೆ ಮಾಡಿಕೊಂಡ ಏರ್ಪಾಡು ಅದು. ಅಮ್ಮನಿಗೆ ತಂಬಿಟ್ಟಿನ ಆರತಿ ಎತ್ತಿದವರೂ ಹೊಸ ಬಡಾವಣೆಯಲ್ಲಿ ಮನೆ ಕಟ್ಟಿದವರೂ ಬೇರೆ ಬೇರೆ ಜನರಾಗಿರಲಿಲ್ಲ. ಇದನ್ನೆಲ್ಲ ಕಚೇರಿಯಲ್ಲಿ ಒಮ್ಮೆ ಮಾತನಾಡುತ್ತಿದ್ದಾಗ ಶಿವಾಜಿನಗರದಿಂದ ಬರುವ ನನ್ನ ಸಹೋದ್ಯೋಗಿ ಒಂದು ಹದೀಸ್, ಅಂದರೆ ಪ್ರವಾದಿ ಮುಹಮ್ಮದರ ಮಾತು, ಹೇಳಿದರು: ಕಿಯಾಮತ್, ಲೋಕದ ಕೊನೆಯ ದಿನ, ಬಂದೇಬಿಟ್ಟರೂ ನಿಮ್ಮ ಕೈಯಲ್ಲಿ ಒಂದು ಸಸಿಯಿದ್ದರೆ ಅದನ್ನು ನೆಟ್ಟುಬಿಡಿ. ಅಜ್ಜಿ ಬದುಕಿದ್ದರೆ ಇದನ್ನು ಅವರಿಗೆ ಹೇಳಬೇಕಿತ್ತು ಎಂದು ಅನ್ನಿಸಿ ಗಂಟಲು ಕಟ್ಟಿತು.

ಹೆಸರಿನ ಕಾಗುಣಿತ

2021ರ ಏಪ್ರಿಲ್ ಕೊನೆಯ ವಾರ ನನ್ನ ಸೋದರಮಾವ ಕೋವಿಡ್‌ನಿಂದ ತೀರಿಕೊಂಡರು. ಆ ದಿನಗಳಲ್ಲಿ ಬೆಂಗಳೂರಿನಲ್ಲಿ ದಿನವೊಂದಕ್ಕೆ ಇಪ್ಪತ್ತು ಸಾವಿರಕ್ಕೂ ಹೆಚ್ಚು ಸೋಂಕು ಪತ್ತೆಯಾಗುತ್ತಿತ್ತು. ಚಿತಾಗಾರಗಳು ಸಾಲದೆ ತಾವರೆಕೆರೆಯ ಕಡೆ ಬಯಲಿನಲ್ಲೇ ಚಿತೆಗಳನ್ನು ಒಟ್ಟಿದ್ದರು. ಮಾವನ ಮಗ ಆಸ್ಪತ್ರೆಯಲ್ಲಿದ್ದ. ಹೋಗಲು ಉಳಿದವರು ನಾನು ಮತ್ತು ನನ್ನ ಅಣ್ಣ. ಚಿತಾಗಾರದ ಹೊರಗೆ ರಸ್ತೆಯುದ್ದಕ್ಕೂ ಆಂಬುಲೆನ್ಸುಗಳ ಸಾಲು. ಬೆಳಗ್ಗೆ ಹನ್ನೊಂದಕ್ಕೆ ಹೋದವರು ರಾತ್ರಿ ಎಂಟರವರೆಗೆ ಅಲ್ಲೇ ಇದ್ದೆವು. ಕಾಯುತ್ತಿದ್ದವರಲ್ಲಿ ಒಬ್ಬರು ವಯಸ್ಸಾದವರು ಗೋಡೆಗೊರಗಿ ನಿಂತು, ಯಾರನ್ನೂ ಉದ್ದೇಶಿಸದೆ, "ಮುಗೀತು, ಕಲ್ಕಿ ಬರೋ ಹೊತ್ತು ಆಯ್ತು" ಎಂದು ಮತ್ತೆ ಮತ್ತೆ ಹೇಳುತ್ತಿದ್ದರು. ಅವರ ಪಕ್ಕದ ವಾಹನದಲ್ಲಿದ್ದುದು ಅವರ ಮಗಳ ದೇಹ. ಅಂಥ ಹೊತ್ತಿನಲ್ಲಿ ಅವರು ಲೋಕ ಮುಗಿಯಿತೆಂದರೆ ತಪ್ಪೆನ್ನುವ ಎದೆ ನನಗಿಲ್ಲ. ಅವರ ಲೋಕ ಮುಗಿದೇ ಇತ್ತು.

ಬಾಗಿಲ ಬಳಿ ಒಂದು ಮೇಜು. ಅದರ ಹಿಂದೆ ಮೈತುಂಬ ಪಿಪಿಇ ಕಿಟ್ ತೊಟ್ಟ ಸಿಬ್ಬಂದಿಯೊಬ್ಬರು, ಮುಂದೆ ದಪ್ಪ ರಿಜಿಸ್ಟರು, ದಾರ ಕಟ್ಟಿದ ಪೆನ್ನು. ಪ್ರತಿಯೊಬ್ಬರು ಮುಟ್ಟಿದ ಮೇಲೂ ಪೆನ್ನಿಗೆ ಸ್ಯಾನಿಟೈಸರ್ ಸಿಂಪಡಿಸುತ್ತಿದ್ದುದರಿಂದ ಶಾಯಿ ಹರಡಿ ಪುಟದ ಅಂಚೆಲ್ಲ ನೀಲಿಯಾಗಿತ್ತು. ನಮ್ಮ ಸರದಿ ಬಂದಾಗ ಅವರು ಆಧಾರ್ ಪ್ರತಿಯನ್ನು ಎತ್ತಿ ಬೆಳಕಿಗೆ ಹಿಡಿದು, ಮಾವನ ಹೆಸರನ್ನು ಅಕ್ಷರ ಅಕ್ಷರವಾಗಿ ಬರೆದರು. ಬರೆದು, ನಿಲ್ಲಿಸಿ, ಅಣ್ಣನನ್ನು ಕೇಳಿದರು: "ಸಾರ್, ಇದು ಅಲ್ಪಪ್ರಾಣ 'ದ'ನೋ ಮಹಾಪ್ರಾಣ 'ಧ'ನೋ? ಆಧಾರಲ್ಲಿ ಒಂಥರಾ ಇದೆ, ಆಸ್ಪತ್ರೆ ಚೀಟೀಲಿ ಒಂಥರಾ ಇದೆ." ಅಣ್ಣ ದಣಿದು ಹೋಗಿದ್ದ, "ಯಾವುದಾದ್ರೂ ಬರೀರಿ ಬಿಡಿ" ಎಂದ. ಅವರು ಬರೆಯಲಿಲ್ಲ. "ಹಾಗನ್ನಬೇಡಿ ಸಾರ್. ಡೆತ್ ಸರ್ಟಿಫಿಕೇಟಲ್ಲಿ ತಪ್ಪಾದ್ರೆ ಮುಂದೆ ಪೆನ್ಷನ್ನಿಗೆ, ಬ್ಯಾಂಕಿಗೆ ಅಮ್ಮನೋರೇ ಅಲೀಬೇಕಾಗುತ್ತೆ" ಎಂದರು.

ಆ "ಮುಂದೆ" ಎಂಬ ಮಾತನ್ನು ನಾನು ಎಷ್ಟು ಸಲ ನೆನೆದಿದ್ದೇನೋ ಲೆಕ್ಕವಿಲ್ಲ. ಹಿಂದೆ ಹೊಗೆ ಏಳುತ್ತಿತ್ತು. ಅವರು ಎಷ್ಟು ರಾತ್ರಿ ನಿದ್ದೆ ಬಿಟ್ಟಿದ್ದರೋ, ಮನೆಗೆ ಹೋಗಿದ್ದರೋ ಇಲ್ಲವೋ. ಅಂಥ ಜಾಗದಲ್ಲಿ ಕೂತು ಆ ಮನುಷ್ಯ, ತಾನೆಂದೂ ನೋಡದ ನನ್ನ ಅತ್ತೆ ಆರು ತಿಂಗಳ ನಂತರ ಒಂದು ಬ್ಯಾಂಕಿನ ಕಿಟಕಿಯ ಮುಂದೆ ನಿಲ್ಲುವುದನ್ನು ಕಾಣುತ್ತಿದ್ದರು. ಅತ್ತೆಯ ಪಿಂಚಣಿ ಒಂದು ಅಕ್ಷರದ ತಕರಾರೂ ಇಲ್ಲದೆ ಮಂಜೂರಾಯಿತು. ಆ ಸಿಬ್ಬಂದಿಯ ಮುಖವನ್ನು ನಾನು ನೋಡಿಯೇ ಇಲ್ಲ. ಮುಖಗವಸಿನ ಮೇಲೆ ಮಬ್ಬು ಹಿಡಿದ ಕನ್ನಡಕವಷ್ಟೇ ನೆನಪಿದೆ.

ಮಗಳ ಪ್ರಶ್ನೆ

ನೀರಿಲ್ಲದ ಆ ಬೇಸಿಗೆಯಲ್ಲೇ ಒಂದು ರಾತ್ರಿ, ನಿದ್ದೆಯಿಲ್ಲದೆ ಬಾಲ್ಕನಿಯಲ್ಲಿ ಕೂತಿದ್ದ ಮಗಳು ಕೇಳಿದಳು: "ಅಮ್ಮಾ, ನಾನು ನಿನ್ನ ವಯಸ್ಸಿಗೆ ಬರೋಷ್ಟರಲ್ಲಿ ಬೆಂಗಳೂರು ಇರುತ್ತಾ?" ಅವಳಿಗೆ ಹದಿನಾರು. ಕಾಲಜ್ಞಾನ ಅವಳಿಗೆ ಗೊತ್ತಿಲ್ಲ. ಆದರೆ ಭೂಮಿಗೆ ಇನ್ನು ಇಷ್ಟೇ ವರ್ಷ ಉಳಿದಿರುವುದೆಂದು ಎಣಿಸುವ ಗಡಿಯಾರಗಳನ್ನು ಅವಳು ದಿನವೂ ನೋಡುತ್ತಾಳೆ. ಮೇಷ್ಟ್ರು ಯಾವ ದನಿಯಲ್ಲಿ "ಮುಗೀತು" ಎಂದಿದ್ದರೋ ಅದೇ ದನಿಯಲ್ಲಿ ಅವಳು, "ಓದಿ ಏನು ಮಾಡೋದು ಬಿಡು" ಎಂದಳು. ಮೇಷ್ಟ್ರಿಗೆ ಆ ಮಾತು ನೆಮ್ಮದಿ ಕೊಟ್ಟಿತ್ತು. ಇವಳಿಗೆ ಅದು ನಿದ್ದೆ ಕೆಡಿಸಿತ್ತು. ಹದಿನಾರರ ವಯಸ್ಸಿಗೆ ಮುಂದಿನ ದಿನಗಳನ್ನು ಬಿಟ್ಟರೆ ಬೇರೆ ಆಸ್ತಿಯೇನಿದೆ?

ಅವಳ ಭಯಕ್ಕೆ ಆಧಾರವಿಲ್ಲ ಎಂದು ನಾನು ಹೇಳುವಂತಿರಲಿಲ್ಲ. 2016ರ ಏಪ್ರಿಲಿನಲ್ಲಿ ಈ ಊರಿನ ತಾಪಮಾನ 39.2 ಡಿಗ್ರಿ ಮುಟ್ಟಿದ್ದನ್ನು, ಫ್ಯಾನೇ ಇಲ್ಲದ ಮನೆಯಲ್ಲಿ ಬೆಳೆದ ನಾನು ಬಲ್ಲೆ. ಆದರೆ ಆ ಗಡಿಯಾರಗಳ ಮೂಲವನ್ನು ಹುಡುಕಿಕೊಂಡು ಹೋಗಿ ಓದಿದಾಗ ನನಗೆ ಒಂದು ವಿಷಯ ಸ್ಪಷ್ಟವಾಯಿತು. ಹವಾಮಾನ ಕುರಿತ ಅಂತರಸರ್ಕಾರಿ ಸಮಿತಿ 2018ರಲ್ಲಿ ಕೊಟ್ಟ ವರದಿ, ತಾಪಮಾನದ ಏರಿಕೆಯನ್ನು 1.5 ಡಿಗ್ರಿಗೆ ತಡೆಯಬೇಕಾದರೆ 2030ರ ಹೊತ್ತಿಗೆ ಇಂಗಾಲದ ಡೈಆಕ್ಸೈಡ್ ಹೊರಸೂಸುವಿಕೆ 2010ರ ಮಟ್ಟಕ್ಕಿಂತ ಸುಮಾರು ಶೇ 45ರಷ್ಟು ಇಳಿಯಬೇಕೆಂದು ಹೇಳಿತ್ತು. ಅದು ಬಾಯಿಂದ ಬಾಯಿಗೆ ಹೋಗುತ್ತ "ಇನ್ನು ಹನ್ನೆರಡೇ ವರ್ಷ" ಎಂದಾಯಿತು. ವರದಿಯಲ್ಲಿ ಲೋಕ ಮುಗಿಯುವ ದಿನಾಂಕವಿಲ್ಲ. 1.5ಕ್ಕಿಂತ 2 ಡಿಗ್ರಿ ಕೆಟ್ಟದ್ದು, ಅದಕ್ಕಿಂತ 3 ಇನ್ನೂ ಕೆಟ್ಟದ್ದು, ತಡೆದ ಒಂದೊಂದು ಚೂರು ಡಿಗ್ರಿಗೂ ಬೆಲೆಯಿದೆ ಎಂಬುದು ಅದರ ತಿರುಳು. ಭಾಗವತದ ಹನ್ನೆರಡನೆಯ ಸ್ಕಂಧ ನಾಲ್ಕು ಬಗೆಯ ಪ್ರಳಯಗಳನ್ನು ಹೇಳುತ್ತದೆ. ಅವುಗಳಲ್ಲಿ ಒಂದು ನಿತ್ಯ ಪ್ರಳಯ, ಗಳಿಗೆ ಗಳಿಗೆಗೂ ನಡೆಯುತ್ತಲೇ ಇರುವ ಅಳಿವು. ಹವಾಮಾನದ ವರದಿಯನ್ನು ಓದುವಾಗ ನನಗೆ ನೆನಪಾದದ್ದು ಆ ಮಾತು. ನಮ್ಮ ಮುಂದಿರುವುದು ಅಂಥದ್ದು, ಅದಕ್ಕೆ ಕಾದು ಕುಳಿತುಕೊಳ್ಳುವ ಅಮಾವಾಸ್ಯೆಯಿಲ್ಲ.

ಇನ್ನೊಂದು ತುದಿಯೂ ಇದೆ. ತೊಂಬತ್ತರ ದಶಕದಲ್ಲಿ, ರಾತ್ರಿ ಬಾಗಿಲು ಬಡಿದು ಪರಿಚಯದ ದನಿಯಲ್ಲಿ ಕರೆಯುವ ದೆವ್ವಕ್ಕೆ ಹೆದರಿ ಬೆಂಗಳೂರಿನ ಬೀದಿಬೀದಿಗಳಲ್ಲಿ ಬಾಗಿಲ ಮೇಲೆ "ನಾಳೆ ಬಾ" ಎಂದು ಬರೆದಿದ್ದರು. ದೆವ್ವ ಅದನ್ನು ಓದಿ ಹಿಂದಿರುಗುತ್ತದೆ, ಮರುದಿನ ಬಂದು ಮತ್ತೆ ಓದುತ್ತದೆ ಎಂಬ ನಂಬಿಕೆ. ನಮ್ಮ ಮನೆಯ ಬಾಗಿಲ ಮೇಲೂ ಸೀಮೆಸುಣ್ಣದಲ್ಲಿ ಬರೆದವಳು ನಾನೇ. ನಿವಾಸಿಗಳ ಸಭೆಯಲ್ಲಿ ನಾನು ಹೇಳಿದ "ಮುಂದಿನ ವರ್ಷ ನೋಡೋಣ" ಅದೇ ಬರಹ. ಎಲ್ಲ ಮುಗಿಯಿತು ಎನ್ನುವವನಿಗೂ, ನಾಳೆ ಬಾ ಎನ್ನುವವಳಿಗೂ ಇವತ್ತು ಮಾಡುವ ಕೆಲಸ ಇರುವುದಿಲ್ಲ.

ಆ ರಾತ್ರಿ ಮಗಳಿಗೆ ಹೇಳಲು ನನ್ನ ಬಳಿ ಇದ್ದದ್ದು ಅಜ್ಜಿಯ ತುಪ್ಪದ ಕಥೆ ಮಾತ್ರ. ಪೂರ್ತಿ ಕೇಳಿದಳು. ಬಹಳ ಹೊತ್ತು ಸುಮ್ಮನಿದ್ದು, "ನಮ್ಮ ಬೋರ್‌ವೆಲ್ ಎಷ್ಟು ಅಡಿ?" ಎಂದಳು. ಒಂಬೈನೂರ ಐವತ್ತು ಎಂದೆ. "ಅದರಲ್ಲಿ ನೀರು ಎಷ್ಟಿತ್ತು, ವರ್ಷಕ್ಕೆ ಎಷ್ಟು ಇಳೀತು, ಯಾರಾದ್ರೂ ಅಳತೆ ಮಾಡಿದ್ರಾ?" ಯಾರೂ ಮಾಡಿರಲಿಲ್ಲ. ಹದಿನಾಲ್ಕು ವರ್ಷ ನಾವು ಹನ್ನೆರಡು ಮನೆಯವರು, ಭರಣಿಯೊಳಗೆ ಒಮ್ಮೆಯೂ ಇಣುಕಿ ನೋಡದೆ ಸುರಿದುಕೊಂಡಿದ್ದೆವು. ಅಜ್ಜಿಗೆ ತಮ್ಮ ತುಪ್ಪ ಎಲ್ಲಿಯವರೆಗೆ ಬಂದಿದೆ ಎಂಬುದಾದರೂ ತಿಳಿದಿತ್ತು.

ಇಪ್ಪತ್ತು ಅಡಿ

ಮಗಳು ಆ ಪ್ರಶ್ನೆಯನ್ನು ಮರುದಿನ ಮೇಷ್ಟ್ರ ಮುಂದಿಟ್ಟಳು. ಲೆಕ್ಕವಿಲ್ಲ ಎಂಬ ಮಾತು ಲೆಕ್ಕದ ಮೇಷ್ಟ್ರಿಗೆ ತಟ್ಟಿದಷ್ಟು ಬೇರೆ ಯಾವ ವಾದವೂ ತಟ್ಟಿರಲಿಲ್ಲ. ನಮ್ಮ ಚಾವಣಿ ಎಷ್ಟು ಚದರ ಮೀಟರ್ ಎಂದು ಅಳೆಸಿದರು. ಒಂದು ಚದರ ಮೀಟರಿನ ಮೇಲೆ ಒಂದು ಮಿಲಿಮೀಟರ್ ಮಳೆ ಬಿದ್ದರೆ ಒಂದು ಲೀಟರು ಎಂದು ಅವಳಿಗೆ ಹಲಗೆಯ ಮೇಲೆ ಬರೆದು ತೋರಿಸಿದರು. 230 ಚದರ ಮೀಟರಿನ ಚಾವಣಿಗೆ 50 ಮಿಲಿಮೀಟರ್ ಮಳೆಯೆಂದರೆ 11,500 ಲೀಟರು, ಸುಮಾರು ಎರಡು ಟ್ಯಾಂಕರ್. ಅವರು ಸೀಮೆಸುಣ್ಣ ಕೆಳಗಿಟ್ಟು ಆ ಅಂಕಿಯನ್ನೇ ನೋಡುತ್ತ ಕೂತುಬಿಟ್ಟರು. ಕಾವೇರಿಯನ್ನು ತೊರೆಕಾಡನಹಳ್ಳಿಯಿಂದ ಸುಮಾರು ನೂರು ಕಿಲೋಮೀಟರ್ ದೂರ, ಸುಮಾರು ಐನೂರು ಮೀಟರ್ ಎತ್ತರಕ್ಕೆ ಪಂಪು ಮಾಡಿ ತರುತ್ತೇವೆ, ತಲೆಯ ಮೇಲೆ ಬಿದ್ದದ್ದನ್ನು ಮೋರಿಗೆ ಬಿಡುತ್ತೇವೆ ಎಂದು ಹೇಳಿದ್ದು ಅವರೇ, ನಾನಲ್ಲ. ಮನೆಮನೆಗೆ ಹೋಗಿ ಹಣ ಎತ್ತಿದ್ದೂ ಅವರೇ. ಕಾಲಜ್ಞಾನವನ್ನು ಅವರು ಬಿಟ್ಟಿಲ್ಲ. ಈಗಲೂ ಆಗಾಗ ಎತ್ತುತ್ತಾರೆ. ಬಿಡಿಸಬೇಕೆಂಬ ಆಸೆ ನನಗೂ ಉಳಿದಿಲ್ಲ.

ಬಾವಿ ತೋಡುವುದನ್ನೇ ತಲೆಮಾರುಗಳಿಂದ ಕಸುಬು ಮಾಡಿಕೊಂಡ ಮನೆತನದ ಮೂವರು ಬಂದು, ಮೇ ತಿಂಗಳಲ್ಲಿ, ಗೇಟಿನ ಪಕ್ಕ ಮೂರು ಅಡಿ ಅಗಲ, ಇಪ್ಪತ್ತು ಅಡಿ ಆಳದ ಇಂಗುಬಾವಿ ತೋಡಿ ಸಿಮೆಂಟಿನ ರಿಂಗುಗಳನ್ನು ಇಳಿಸಿದರು. ಕೆಳಗಿಳಿದ ಹಿರಿಯ ಒಂದು ಹಿಡಿ ಮಣ್ಣನ್ನು ಮೇಲೆ ಕಳಿಸಿ ಮುಟ್ಟಿ ನೋಡಲು ಹೇಳಿದ. ಕೆಮ್ಮಣ್ಣು, ಬೆಚ್ಚಗೆ, ಹುಡಿಹುಡಿಯಾಗಿತ್ತು. "ಎಷ್ಟು ವರ್ಷ ಆಯ್ತೋ ಅಕ್ಕಾ ಇದು ನೀರು ಕಂಡು" ಎಂದ.

ಜೂನ್ 2ರ ಭಾನುವಾರ ಬೆಂಗಳೂರಿನಲ್ಲಿ 111 ಮಿಲಿಮೀಟರ್ ಮಳೆ ಸುರಿಯಿತು. ಜೂನ್ ತಿಂಗಳ ಒಂದು ದಿನದ ಮಳೆಗೆ ನೂರಕ್ಕೂ ಹೆಚ್ಚು ವರ್ಷಗಳ ದಾಖಲೆ. ಊರಿನಲ್ಲಿ ನೂರಾರು ಮರಗಳು ಉರುಳಿದವು, ಕರೆಂಟು ಹೋಯಿತು. ಕತ್ತಲಲ್ಲಿ ಕೆಳಗಿನಿಂದ ಯಾರೋ ಕೂಗುತ್ತಿದ್ದರು. ಇಳಿದು ಹೋದಾಗ ಮೇಷ್ಟ್ರು ಪಂಚೆ ಎತ್ತಿ ಕಟ್ಟಿ, ಒಂದು ಕೈಯಲ್ಲಿ ಕೊಡೆ, ಒಂದು ಕೈಯಲ್ಲಿ ಟಾರ್ಚು ಹಿಡಿದು ಬಾವಿಯ ಮೇಲೆ ಬಗ್ಗಿದ್ದರು. ಚಾವಣಿಯಿಂದ ಇಳಿದ ಪೈಪಿನ ನೀರು ಒಳಗೆ ಭೋರ್ಗರೆಯುತ್ತಿತ್ತು. ಅರ್ಧದಷ್ಟು ಮಾತ್ರ ಒಳಗೆ ಹೋಗಿ ಉಳಿದದ್ದು ಜಾಲರಿಯ ಮೇಲಿಂದ ಉಕ್ಕಿ ಗೇಟಿನತ್ತ ಹರಿಯುತ್ತಿತ್ತು. ಮಗಳು ಆಗಲೇ ಮೊಣಕಾಲೂರಿ ಕೂತು ಬೆರಳುಗಳಿಂದ ಜಾಲರಿ ಕೆದಕುತ್ತಿದ್ದಳು.

"ಎಲೆ ಸಿಕ್ಕಿಕೊಂಡಿದೆ ಕಣಮ್ಮಾ," ಎಂದು ಮೇಷ್ಟ್ರು ಮಳೆಯ ಸದ್ದಿನ ಮೇಲೆ ಕೂಗಿ ಹೇಳಿದರು, "ಬೇಗ ಒಂದು ಕೋಲು ತಗೊಂಡು ಬಾ."